ಕೇಂದ್ರದ ಖೋತಾ ಬಜೆಟ್, ಪಕ್ಷಗಳ ಜಗಳ: ಹಾಸನದ ನನ್ನ ಟೇಬಲ್ ಮುಂದೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಲೆಕ್ಕ ಬರೆಯುವವನು. ಅಂಗಡಿಯವರ ಜಿಎಸ್‌ಟಿ, ತೋಟದವರ ಇನ್‌ಕಮ್ ಟ್ಯಾಕ್ಸ್, ಒಂದೆರಡು ಸಹಕಾರ ಸಂಘದ ಪುಸ್ತಕ. ಫೆಬ್ರವರಿ ಬಂತು ಅಂದರೆ ಬಿಲ್ ಕೊಡೋಕೆ ಬಂದವರು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಾರೆ. ಒಬ್ಬರು ಕಮಲ, ಒಬ್ಬರು ಕೈ, ಒಬ್ಬರು ತೆನೆ ಹೊತ್ತ ಮಹಿಳೆ. ಪಕ್ಷ ಬೇರೆ, ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಮ್ಮಿ ಒಂದೇ. ಪ್ರತಿ ವರ್ಷ ಅದನ್ನೇ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ. ಇಲ್ಲಿರುವ ಅಂಕಿಗಳು 2025-26ರ ಬಜೆಟ್ ಅಂದಾಜು. ಬೇರೆ ವರ್ಷದ್ದಾದರೆ ಅಲ್ಲೇ ಹೇಳಿದ್ದೇನೆ.

ವಿತ್ತೀಯ ಕೊರತೆ ಅಂದರೆ ದೇಶದ ಸಾಲನಾ?

ಅಲ್ಲ. ಈ ಒಂದು ವರ್ಷಕ್ಕೆ ಹೊಸದಾಗಿ ಮಾಡುವ ಸಾಲ. ಹಳೆಯದೆಲ್ಲ ಸೇರಿ ತಲೆ ಮೇಲಿರುವುದು ಬೇರೆ ಲೆಕ್ಕ. ಟಿವಿಯಲ್ಲಿ ಕೂಗಾಡುವವರು ಎರಡನ್ನೂ ಕಲಸಿಬಿಡುತ್ತಾರೆ.

ಕೇಂದ್ರದ ಖರ್ಚು 50.65 ಲಕ್ಷ ಕೋಟಿ ರೂಪಾಯಿ. ಸಾಲ ಬಿಟ್ಟು ಕೈಗೆ ಬರುವುದು 34.96 ಲಕ್ಷ ಕೋಟಿ. ಬಾಕಿ 15.69 ಲಕ್ಷ ಕೋಟಿಯೇ ಕೊರತೆ. ಅಂದರೆ ನೂರು ರೂಪಾಯಿ ಖರ್ಚಲ್ಲಿ 69 ರೂಪಾಯಿ ಸ್ವಂತದ್ದು, 31 ರೂಪಾಯಿ ಸಾಲದ್ದು. ಜಿಡಿಪಿಗೆ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಗೆ, ಹೋಲಿಸಿದರೆ ಶೇ 4.4.

ಪೇಪರ್‌ನಲ್ಲಿ ರೂಪಾಯಿ ಚಿತ್ರ ಹಾಕಿ ಸಾಲ 24 ಪೈಸೆ ಅಂತ ತೋರಿಸಿದ್ದರಲ್ಲ? ನೀವು 31 ಅಂತೀರಿ.

ಎರಡೂ ಸರಿ. ರಾಜ್ಯಗಳಿಗೆ ಹಂಚುವ ತೆರಿಗೆ ಪಾಲನ್ನೂ ಆ ಚಿತ್ರದ ರೂಪಾಯಿಯಲ್ಲಿ ಸೇರಿಸಿರುತ್ತಾರೆ. ರೂಪಾಯಿ ದೊಡ್ಡದಾದಾಗ ಸಾಲದ ತುಂಡು ಚಿಕ್ಕದಾಗಿ ಕಾಣುತ್ತದೆ. ಮೋಸ ಏನಿಲ್ಲ, ಆದರೆ ನೋಡೋಕೆ ಚೆನ್ನಾಗಿರುವ ಚಿತ್ರವನ್ನೇ ಹಾಕುತ್ತಾರೆ.

ಕಡಿಮೆ ಮಾಡಬೇಕು ಅಂತ ಎಲ್ಲರೂ ಹೇಳ್ತಾರೆ. ಮತ್ತೆ ಜಗಳ ಯಾತಕ್ಕೆ?

ನಮ್ಮ ಕಡೆಯ ಒಂದು ಮನೆ ಕತೆ ಹೇಳುತ್ತೇನೆ. ಅಣ್ಣ, ತಮ್ಮ, ಮನೆಯಲ್ಲಿ ಅಮ್ಮ. ಸಕಲೇಶಪುರದ ಆಚೆ ಹನ್ನೆರಡು ಎಕರೆ ತೋಟ, ಜಾಸ್ತಿ ರೋಬಸ್ಟಾ, ಮರಕ್ಕೆ ಹಬ್ಬಿದ ಮೆಣಸು. ಮೂರು ವರ್ಷ ಮಳೆ ಕೆಟ್ಟು ಸಾಲ ಏರಿತ್ತು. ಲೆಕ್ಕ ನೋಡೋಕೆ ನನ್ನನ್ನು ಕರೆಸಿದರು. ಅಡುಗೆಮನೆ ಪಕ್ಕದ ಜಗಲಿಯಲ್ಲಿ ಕೂತು ರಟ್ಟಿನ ಪುಸ್ತಕ ತೆಗೆದೆ. ಗೊಬ್ಬರ, ಕಳೆ ತೆಗೆಸಿದ್ದು, ಕೊಯ್ಲಿನ ಕೂಲಿ, ಪಂಪಿನ ಡೀಸೆಲ್, ಕೊನೆಗೆ ದಪ್ಪ ಅಕ್ಷರದಲ್ಲಿ ಬಡ್ಡಿ.

ಖರ್ಚು ಇಳಿಸಬೇಕು ಅನ್ನೋದಕ್ಕೆ ಇಬ್ಬರೂ ಹೂಂ ಅಂದರು. ಎಲ್ಲಿ ಇಳಿಸೋದು ಅಂದೆ ನೋಡಿ, ಶುರುವಾಯಿತು. ತಮ್ಮನ ಜೀಪಿನ ಕಂತು ದಂಡ ಅಂತ ಅಣ್ಣ. ಅಣ್ಣ ಊರಿನ ದೇವಸ್ಥಾನಕ್ಕೆ ಕೊಟ್ಟಿದ್ದು ಜಾಸ್ತಿಯಾಯಿತು ಅಂತ ತಮ್ಮ. ಸಿಲ್ವರ್ ಮರ ಕಡಿದು ಮಾರೋಣ ಅಂತ ಒಬ್ಬ, ನೆರಳು ಹೋದರೆ ಗಿಡ ಉಳಿಯುತ್ತಾ ಅಂತ ಇನ್ನೊಬ್ಬ. ಒಳಗಿಂದ ಅಮ್ಮ, "ನನ್ನ ಮಾತ್ರೆ ದುಡ್ಡಿಗೆ ಮಾತ್ರ ಕೈ ಹಾಕಬೇಡಿ ಕಣ್ರೋ" ಅಂದರು. ಅದರ ಸುದ್ದಿಗೆ ಯಾರೂ ಹೋಗಿರಲೇ ಇಲ್ಲ, ಆದರೂ ಅವರಿಗೆ ಭಯ.

ದೆಹಲಿಯಲ್ಲೂ ಇದೇ. 4.4 ಜಾಸ್ತಿಯೋ ಕಮ್ಮಿಯೋ ಅಂತ ಯಾರೂ ಹೊಡೆದಾಡುವುದಿಲ್ಲ. ಯಾರ ತಟ್ಟೆಯಿಂದ ಎತ್ತಬೇಕು ಅನ್ನುವುದಕ್ಕೆ ಜಗಳ. ಇನ್ನೊಂದು, ಜಗಲಿಯಲ್ಲಿ ಕೂತವನ ಮಾತಿಗೂ ಒಳಗೆ ಅಡುಗೆ ಮಾಡುವವಳ ಮಾತಿಗೂ ವ್ಯತ್ಯಾಸ ಇರುತ್ತದಲ್ಲ, ಹಾಗೇ ಕುರ್ಚಿ ಬದಲಾದರೆ ಪಕ್ಷಗಳ ಮಾತೂ ಬದಲಾಗುತ್ತದೆ.

ಯಾವ ಪಕ್ಷ ಏನು ಹೇಳುತ್ತದೆ, ಸ್ವಲ್ಪ ಬಿಡಿಸಿ ಹೇಳಿ.

ಈಗ ದೆಹಲಿಯಲ್ಲಿರುವ ಬಿಜೆಪಿ ಸರ್ಕಾರದ ವಾದ: ರಸ್ತೆ, ರೈಲಿಗೆ ಸಾಲ ಮಾಡಿ ಹಾಕಿದರೆ ನಾಳೆ ದೇಶ ಬೆಳೆದು ಸಾಲ ತಾನೇ ಹಗುರ ಆಗುತ್ತದೆ. ಅದಕ್ಕೇ ಬಂಡವಾಳ ವೆಚ್ಚಕ್ಕೆ 11.21 ಲಕ್ಷ ಕೋಟಿ. ಕಂಪನಿಗಳಿಗೆ ತೆರಿಗೆ ಇಳಿಸಿದರೆ ಅವರು ಹೂಡಿಕೆ ಮಾಡುತ್ತಾರೆ ಅನ್ನುವುದೂ ಅದೇ ವಾದದ ಭಾಗ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆ ದರವನ್ನು ಶೇ 30ರಿಂದ 22ಕ್ಕೆ ಇಳಿಸಿದರು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಡಬೇಕಾಗುತ್ತದೆ ಅಂತ ಸರ್ಕಾರವೇ ಹೇಳಿತ್ತು.

ಕಾಂಗ್ರೆಸ್ ಹಿಡಿದುಕೊಂಡಿದ್ದು ಅಲ್ಲೇ. ದೊಡ್ಡವರಿಗೆ ತೆರಿಗೆ ಬಿಟ್ಟು ಬಡವರ ಉದ್ಯೋಗ, ಪಡಿತರದಲ್ಲಿ ಬಿಗಿ ಮಾಡುತ್ತೀರಿ, ಜನರ ಕೈಗೆ ಕಾಸು ಕೊಟ್ಟರೆ ಅಂಗಡಿ ನಡೆಯುತ್ತದೆ, ತೆರಿಗೆ ತಾನೇ ಬರುತ್ತದೆ ಅಂತ. ಎಡಪಕ್ಷಗಳು ಇನ್ನೂ ಮುಂದೆ ಹೋಗಿ ಶ್ರೀಮಂತರ ಆಸ್ತಿಗೆ ತೆರಿಗೆ ಹಾಕಿ ಅನ್ನುತ್ತವೆ. ಸಂಪತ್ತು ತೆರಿಗೆ ನಮ್ಮಲ್ಲಿ ಇತ್ತು. 2015ರ ಬಜೆಟ್‌ನಲ್ಲಿ ತೆಗೆದು, ಒಂದು ಕೋಟಿ ಮೇಲಿನ ಆದಾಯದವರಿಗೆ ಹೆಚ್ಚುವರಿ ಸರ್‌ಚಾರ್ಜ್, ಅಂದರೆ ತೆರಿಗೆ ಮೇಲೆ ತೆರಿಗೆ, ಹಾಕಿದರು.

ಪ್ರಾದೇಶಿಕ ಪಕ್ಷಗಳಿಗೆ ಒಂದೇ ಮಾತು: ನಿಮ್ಮ ಕೊರತೆ ನಮ್ಮ ಪಾಲಿನಿಂದ ತುಂಬಿಸಬೇಡಿ.

ಕೊರತೆ ಇಷ್ಟೇ ಇರಬೇಕು ಅಂತ ಕಾನೂನೇ ಇದೆಯಂತಲ್ಲ?

ಇದೆ. ಅದರ ಕತೆ ಕೇಳಿದರೆ ಪಕ್ಷಗಳ ಬಗ್ಗೆ ಅರ್ಧ ಪಾಠ ಆದಂತೆ.

ವಿತ್ತೀಯ ಹೊಣೆಗಾರಿಕೆ ಕಾಯ್ದೆ ಅಂತ. ವಾಜಪೇಯಿ ಸರ್ಕಾರದಲ್ಲಿ ಯಶವಂತ ಸಿನ್ಹಾ 2000ದಲ್ಲಿ ಮಸೂದೆ ತಂದರು. 2003ರಲ್ಲಿ ಕಾಯ್ದೆಯಾಯಿತು. 2004ರಲ್ಲಿ ಸರ್ಕಾರ ಬದಲಾಯಿತು, ಅದನ್ನು ಜಾರಿಗೆ ತಂದಿದ್ದು ಕಾಂಗ್ರೆಸ್ ಮುಂದಾಳತ್ವದ ಯುಪಿಎ, 2004ರ ಜುಲೈ 5ರಿಂದ. ಕೊರತೆ ಶೇ 3ಕ್ಕೆ ಇಳಿಯಬೇಕು, ದಿನದ ಖರ್ಚಿಗೆ ಸಾಲ ಮಾಡುವುದು ನಿಲ್ಲಬೇಕು. 2007-08ರಲ್ಲಿ ಕೊರತೆ ಶೇ 2.5ರ ಹತ್ತಿರಕ್ಕೆ ಬಂತು ಕೂಡ. ಅವರು ಮಾಡಿದ ಕಾನೂನು, ಇವರು ಪಾಲಿಸಿದರು. ಚೆನ್ನಾಗಿತ್ತು ಅಲ್ವಾ?

ಮುಂದಿನ ವರ್ಷವೇ ಎಲ್ಲ ಕೈ ಬಿಟ್ಟಿತು. 2008ರಲ್ಲಿ ರೈತರ ಸಾಲ ಮನ್ನಾ, ನೌಕರರಿಗೆ ಆರನೇ ವೇತನ ಆಯೋಗ, ಆಮೇಲೆ ಅಮೆರಿಕದ ಬ್ಯಾಂಕ್ ಕುಸಿತ. ಕೊರತೆ ಶೇ 6 ಮುಟ್ಟಿತು. ಗುರಿಯನ್ನು ಮುಂದಕ್ಕೆ ಹಾಕಿದರು. ಆಗ ವಿರೋಧ ಪಕ್ಷದಲ್ಲಿದ್ದ ಬಿಜೆಪಿ ಬೇಜವಾಬ್ದಾರಿ ಅಂತ ಬೈಯಿತು. 2014ರಲ್ಲಿ ಬಿಜೆಪಿಯೇ ಬಂತು. 2015ರಲ್ಲಿ ಗುರಿಯನ್ನು 2018ಕ್ಕೆ ತಳ್ಳಿತು. 2018ರಲ್ಲಿ 2021ಕ್ಕೆ ತಳ್ಳಿತು. ಅಷ್ಟೇ ಅಲ್ಲ, ದಿನದ ಖರ್ಚಿಗೆ ಸಾಲ ಮಾಡಬಾರದು ಅನ್ನುವ ಗುರಿಯನ್ನೇ ಕಾಯ್ದೆಯಿಂದ ತೆಗೆಯಿತು. ಈಗ ಬೇಜವಾಬ್ದಾರಿ ಅನ್ನುವ ಸರದಿ ಕಾಂಗ್ರೆಸ್‌ನದು.

ನಮ್ಮ ಊರಲ್ಲಿ ಸೊಸೈಟಿ ಸಾಲ ರಿನ್ಯೂವಲ್ ಮಾಡಿಸುತ್ತಾರಲ್ಲ, ಮಾರ್ಚ್‌ನಲ್ಲಿ ಕಟ್ಟಿ ಏಪ್ರಿಲ್‌ನಲ್ಲಿ ಮತ್ತೆ ಎತ್ತುವುದು. ಹೆಚ್ಚುಕಮ್ಮಿ ಅದೇ ಆಟ.

ಕೊರೊನಾ ವರ್ಷ ಕೊರತೆ 9 ದಾಟಿತ್ತಂತೆ. ಅದು ತಪ್ಪಲ್ವಾ?

2020-21ರಲ್ಲಿ ಶೇ 9.2. ತಪ್ಪು ಅಂತ ನಾನು ಹೇಳುವುದಿಲ್ಲ. ಬೆಳೆ ಕೊಚ್ಚಿಹೋದ ವರ್ಷ ಸಾಲ ಮಾಡದೆ ಮನೆ ನಡೆಸುವವರು ಯಾರು? ಆಗ ಇನ್ನೂ ಜಾಸ್ತಿ ಖರ್ಚು ಮಾಡಿ, ಜನರ ಖಾತೆಗೆ ದುಡ್ಡು ಹಾಕಿ ಅಂತ ಕಾಂಗ್ರೆಸ್ ಕೇಳಿತ್ತು. ಅದಾದ ಮೇಲೆ ವರ್ಷ ವರ್ಷ ಇಳಿಸಿಕೊಂಡು ಬಂದಿದ್ದಾರೆ: 6.7, 6.4, 5.6, ಆಮೇಲೆ 4.8. ಇಳಿಸಿದ್ದು ನಿಜ. ಆ ಇಳಿಕೆಯ ಭಾರ ಯಾರು ಹೊತ್ತರು ಅನ್ನುವುದರಲ್ಲಿ ಮತ್ತೆ ಜಗಳ.

ಖರ್ಚು ಕಡಿಮೆ ಮಾಡೋದು ಅಷ್ಟು ಕಷ್ಟನಾ? ಮಂತ್ರಿಗಳ ಕಾರು, ಬಂಗಲೆ ಕಟ್ ಮಾಡಿದರೆ ಆಯ್ತಲ್ಲ.

ಇದನ್ನು ಕೇಳದವರೇ ಇಲ್ಲ. ಕೇಳೋಕೆ ಹಿತ, ಲೆಕ್ಕಕ್ಕೆ ಸಾಲದು.

ದೊಡ್ಡ ತುಂಡುಗಳನ್ನು ನೋಡಿ. ಬಡ್ಡಿ 12.76 ಲಕ್ಷ ಕೋಟಿ, ಅಂದರೆ ನೂರಕ್ಕೆ 25. ರಕ್ಷಣೆ 6.81 ಲಕ್ಷ ಕೋಟಿ, ಮುಟ್ಟಿದರೆ ದೇಶದ್ರೋಹಿ. ಪಿಂಚಣಿ 2.77 ಲಕ್ಷ ಕೋಟಿ, ಮುಟ್ಟಿದರೆ ನೌಕರರ ವೋಟು ಹೋಯಿತು. ಆಹಾರ ಸಬ್ಸಿಡಿ 2 ಲಕ್ಷ ಕೋಟಿ ದಾಟುತ್ತದೆ, ಅದಕ್ಕಂತೂ ಯಾವ ಪಕ್ಷವೂ ಕೈ ಹಾಕುವುದಿಲ್ಲ. ಬಂಡವಾಳ ವೆಚ್ಚ ಕಡಿದರೆ ಇಂದು ಯಾರೂ ಅಳುವುದಿಲ್ಲ, ಅದಕ್ಕೇ ಹಿಂದೆಲ್ಲ ಮೊದಲು ಕಡಿಯುತ್ತಿದ್ದದ್ದು ಅದನ್ನೇ.

ಬಡ್ಡಿ ಸಾಲಿನ ಹತ್ತಿರ ಒಂದು ನಿಮಿಷ ನಿಲ್ಲಿ. ಹೊಸ ಸಾಲ 15.69 ಲಕ್ಷ ಕೋಟಿ, ಹಳೇ ಸಾಲದ ಬಡ್ಡಿಯೇ 12.76 ಲಕ್ಷ ಕೋಟಿ. ಬಡ್ಡಿ ಬಿಟ್ಟು ನೋಡಿದರೆ ಉಳಿಯುವ ಕೊರತೆ 3 ಲಕ್ಷ ಕೋಟಿಗೂ ಕಡಿಮೆ. ಹಿಂದಿನವರು ಉಂಡಿದ್ದಕ್ಕೆ ನಾವು ಕಟ್ಟುತ್ತಿದ್ದೇವೆ, ನಾವು ಉಣ್ಣುತ್ತಿರುವುದಕ್ಕೆ ಮಕ್ಕಳು ಕಟ್ಟುತ್ತಾರೆ.

ಸರ್ಕಾರಿ ಕಂಪನಿ ಮಾರಿದರೆ ಕೊರತೆ ಇಳಿಯುತ್ತಾ?

ಲೆಕ್ಕದಲ್ಲಿ ಇಳಿಯುತ್ತದೆ. ಮಾರಿದ ದುಡ್ಡು ಸಾಲವಲ್ಲ, ಹಾಗಾಗಿ ಅಷ್ಟು ಸಾಲ ಕಡಿಮೆ. ಆದರೆ ಸಿಲ್ವರ್ ಮರ ಮಾರಿದ ದುಡ್ಡನ್ನು ಆ ವರ್ಷದ ಕಾಫಿ ಆದಾಯ ಅಂತ ಪುಸ್ತಕದಲ್ಲಿ ಬರೆದರೆ ನಾನು ಒಪ್ಪುತ್ತೇನಾ? ಬರುವ ವರ್ಷ ಆ ಮರ ಇರಲ್ಲ. ಇದನ್ನು ಮನೆ ಬೆಳ್ಳಿ ಮಾರಿದಂತೆ ಅಂತ ವಿರೋಧ ಪಕ್ಷಗಳು ಬೈಯುತ್ತವೆ. ನಷ್ಟದ ಕಂಪನಿ ಇಟ್ಟುಕೊಂಡು ವರ್ಷವೂ ದುಡ್ಡು ಸುರಿಯಬೇಕಾ ಅಂತ ಸರ್ಕಾರ ಕೇಳುತ್ತದೆ. ಏರ್ ಇಂಡಿಯಾ ವಿಷಯದಲ್ಲಿ ನನಗೆ ಸರ್ಕಾರದ ಮಾತೇ ಸರಿ ಅನ್ನಿಸಿತ್ತು. 2021ರಲ್ಲಿ ಟಾಟಾದವರು ಕೂಗಿದ 18,000 ಕೋಟಿಯಲ್ಲಿ ನಗದು ಬಂದಿದ್ದು 2,700 ಕೋಟಿ, ಬಾಕಿಯೆಲ್ಲ ಸಾಲ ಹೊತ್ತುಕೊಂಡಿದ್ದು. ಒಣಗಿದ ಮರ, ಹೋದರೆ ಹೋಗಲಿ. ಫಲ ಕೊಡುವ ಮರದ ಮಾತು ಬೇರೆ.

ಲೆಕ್ಕದಲ್ಲಿ ಮುಚ್ಚಿಡುವುದೂ ಇದೆಯಾ?

ಇತ್ತು, ಎರಡೂ ಕಡೆ. ಯುಪಿಎ ಕಾಲದಲ್ಲಿ ಪೆಟ್ರೋಲ್, ಡೀಸೆಲ್ ಬೆಲೆ ಏರದಂತೆ ತಡೆದು, ತೈಲ ಕಂಪನಿಗಳಿಗೆ ನಗದಿನ ಬದಲು ಆಯಿಲ್ ಬಾಂಡ್ ಕೊಟ್ಟರು. ಚೀಟಿ ಬರೆದುಕೊಟ್ಟ ಹಾಗೆ. ಆ ವರ್ಷದ ಕೊರತೆಯಲ್ಲಿ ಕಾಣಲಿಲ್ಲ, ಕಟ್ಟುವ ಕೆಲಸ ಮುಂದಿನವರಿಗೆ ಬಂತು. ಬಿಜೆಪಿ ಮುಂದಾಳತ್ವದ ಎನ್‌ಡಿಎ ಕಾಲದಲ್ಲಿ ಆಹಾರ ನಿಗಮಕ್ಕೆ ಕೊಡಬೇಕಾದ ಸಬ್ಸಿಡಿಯನ್ನು ಪೂರ್ತಿ ಕೊಡದೆ, ಸಣ್ಣ ಉಳಿತಾಯ ನಿಧಿಯಿಂದ ಸಾಲ ಎತ್ತಿಸಿದರು. ಅಂಚೆ ಕಚೇರಿಯಲ್ಲಿ ನಾವು ಇಟ್ಟ ದುಡ್ಡು ಅದು. 2021ರ ಫೆಬ್ರವರಿ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಆ ಸಾಲವನ್ನು ಬಜೆಟ್ ಒಳಗೇ ತಂದರು. ಕೊರತೆ ಒಮ್ಮೆಲೇ ಉಬ್ಬಿ ಕಂಡಿತು. ಅದಕ್ಕೆ ಅವರಿಗೆ ಒಂದು ಭೇಷ್ ಸಲ್ಲಬೇಕು. ಬಚ್ಚಿಟ್ಟ ಸಾಲದ ಪುಸ್ತಕವನ್ನು ತಾವಾಗೇ ತಂದು ಟೇಬಲ್ ಮೇಲೆ ಇಡುವ ಗಿರಾಕಿ ನನಗೆ ತುಂಬ ಕಡಿಮೆ.

ಆರ್‌ಬಿಐ ನೋಟು ಅಚ್ಚು ಹಾಕಿ ಕೊಟ್ಟರೆ ಸಾಲನೇ ಬೇಡವಲ್ಲ?

ಹಿಂದೆ ಹಾಗೇ ನಡೆಯುತ್ತಿತ್ತು. ಆಡ್ ಹಾಕ್ ಟ್ರೆಜರಿ ಬಿಲ್ ಅಂತ ಒಂದು ಕಾಗದ ಕೊಟ್ಟರೆ ಆರ್‌ಬಿಐ ಸರ್ಕಾರದ ಖಾತೆಗೆ ದುಡ್ಡು ತುಂಬುತ್ತಿತ್ತು. ಸಾಮಾನಿನ ಬೆಲೆ ಏರಿ ಅದನ್ನು ತೀರಿಸುವವರು ನಾವು. ಅದನ್ನು ನಿಲ್ಲಿಸುವ ಒಪ್ಪಂದ ಮನಮೋಹನ್ ಸಿಂಗ್ ಹಣಕಾಸು ಮಂತ್ರಿಯಾಗಿದ್ದಾಗ, 1994ರಲ್ಲಿ ಆಯಿತು. ನಿಜವಾಗಿ ನಿಂತಿದ್ದು 1997ರ ಏಪ್ರಿಲ್ 1ಕ್ಕೆ. ಆವತ್ತು ಪ್ರಧಾನಿ ಕುರ್ಚಿಯಲ್ಲಿದ್ದವರು ನಮ್ಮ ಹೊಳೆನರಸೀಪುರದ ಎಚ್.ಡಿ. ದೇವೇಗೌಡರು. ಕಾಂಗ್ರೆಸ್ ಬೆಂಬಲ ವಾಪಸ್ ಪಡೆದು ಎರಡು ದಿನ ಆಗಿತ್ತು ಅಷ್ಟೇ.

ಅದೇ ಸರ್ಕಾರದ 1997ರ ಬಜೆಟ್ಟನ್ನೇ ಆಗಿನ ಹಣಕಾಸು ಮಂತ್ರಿ ಚಿದಂಬರಂ ಅವರ ಡ್ರೀಮ್ ಬಜೆಟ್ ಅಂತ ಈಗಲೂ ಹೊಗಳುತ್ತಾರೆ. ಆದಾಯ ತೆರಿಗೆ ಶೇ 10, 20, 30 ಆಗಿದ್ದು ಆಗ. ಸರ್ಕಾರ ಬಿತ್ತು, ಗುಜ್ರಾಲ್ ಬಂದರು, ಬಜೆಟ್ ಮಾತ್ರ ಪಾಸಾಯಿತು. ಹಾಸನದಲ್ಲಿ ಇದನ್ನು ನೆನೆಸಿಕೊಳ್ಳುವವರು ಕಡಿಮೆ, ನನಗೆ ಅದೊಂದು ಬೇಜಾರು.

ಇನ್ನೊಂದು ದಾರಿಯಲ್ಲಿ ಆರ್‌ಬಿಐ ದುಡ್ಡು ಈಗಲೂ ಬರುತ್ತದೆ, ಲಾಭದ ಪಾಲಾಗಿ. 2024-25ರ ಲೆಕ್ಕಕ್ಕೆ ಕೊಟ್ಟಿದ್ದು 2.69 ಲಕ್ಷ ಕೋಟಿ. ಅದಿಲ್ಲದೆ ಕೊರತೆ ಇಷ್ಟು ಅಂದವಾಗಿ ಕಾಣುತ್ತಿರಲಿಲ್ಲ.

ಗ್ಯಾರಂಟಿಗಳಿಂದಲೇ ದೇಶ ಹಾಳಾಗ್ತಿರೋದು ಅಂತಾರೆ. ನಿಜನಾ?

ಮೊದಲು ಒಂದು ಮಾತು: ನಮ್ಮ ಐದು ಗ್ಯಾರಂಟಿ ರಾಜ್ಯದ ಖರ್ಚು. ಕೇಂದ್ರದ 15.69ರಲ್ಲಿ ಅದು ಬರುವುದಿಲ್ಲ. 2025-26ರ ರಾಜ್ಯ ಬಜೆಟ್ 4.09 ಲಕ್ಷ ಕೋಟಿ, ಗ್ಯಾರಂಟಿಗೆ ಇಟ್ಟಿದ್ದು 51,034 ಕೋಟಿ. ನೂರಕ್ಕೆ ಹನ್ನೆರಡೂವರೆ. ರಾಜ್ಯದ ವಿತ್ತೀಯ ಕೊರತೆ ರಾಜ್ಯದ ಜಿಡಿಪಿಯ ಶೇ 2.95, ಮಿತಿ 3. ಗೆರೆಗೆ ಅಂಟಿಕೊಂಡೇ ನಿಂತಿದ್ದಾರೆ. ಇದರಲ್ಲಿ ದಿನದ ಖರ್ಚಿನ ಕೊರತೆ 19,262 ಕೋಟಿ, ನನಗೆ ತಲೆಬಿಸಿ ಇರುವುದು ಆ ಸಾಲಿನ ಮೇಲೆ. ಇಂಥ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು ಮಾಡಿದ ರಾಜ್ಯ ನಮ್ಮದು, 2002ರಲ್ಲಿ.

ಈಗ ಕುರ್ಚಿ ಆಟ ನೋಡಿ. ವಿಧಾನಸೌಧದಲ್ಲಿ ಸಾಲ ಜಾಸ್ತಿಯಾಯಿತು ಅನ್ನುವುದು ಬಿಜೆಪಿ, ಸಮರ್ಥಿಸುವುದು ಕಾಂಗ್ರೆಸ್. ಸಂಸತ್ತಿನಲ್ಲಿ ಸಾಲ ಜಾಸ್ತಿಯಾಯಿತು ಅನ್ನುವುದು ಕಾಂಗ್ರೆಸ್, ಸಮರ್ಥಿಸುವುದು ಬಿಜೆಪಿ. 2022ರಲ್ಲಿ ಪ್ರಧಾನಿ ಮೋದಿ 'ರೇವಡಿ' (ಪುಕ್ಕಟೆ ಮಿಠಾಯಿ) ಹಂಚುವ ರಾಜಕೀಯ ಅಂತ ಟೀಕಿಸಿದರು. 2024ರಲ್ಲಿ ಮಹಾರಾಷ್ಟ್ರದಲ್ಲಿ ಬಿಜೆಪಿ ಇರುವ ಸರ್ಕಾರವೇ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ ಕೊಟ್ಟಿತು. ನಮ್ಮ ಗೃಹಲಕ್ಷ್ಮಿ 2,000.

ನನ್ನ ಆಫೀಸ್ ಗುಡಿಸುವ ಅಕ್ಕ ಆ 2,000ದಲ್ಲಿ ಮಗಳ ಕಾಲೇಜು ಫೀಸಿಗೆ ಚೀಟಿ ಹಾಕಿದ್ದಾರೆ. ಅವರ ಮುಂದೆ ಇದು ದಂಡದ ಖರ್ಚು ಅಂತ ಹೇಳೋಕೆ ನನಗೆ ನಾಲಿಗೆ ಬರುವುದಿಲ್ಲ. ಕಂತು ತಡವಾದಾಗ ಅವರು ನನ್ನ ಮುಖ ನೋಡುತ್ತಾರೆ, ಲೆಕ್ಕ ಬರೆಯುವವನಲ್ವಾ, ನನಗೆ ಗೊತ್ತಿರುತ್ತದೆ ಅಂತ.

ನಮ್ಮ ತೆರಿಗೆ ದೆಹಲಿ ತಗೊಂಡು ವಾಪಸ್ ಕೊಡಲ್ಲ ಅನ್ನೋದು?

ಕೇಂದ್ರ ಹಂಚುವ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಹೇಳುವುದು ಹಣಕಾಸು ಆಯೋಗ. ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ (2021-26) ಶೇ 3.647ಕ್ಕೆ ಇಳಿಯಿತು. 2024ರ ಫೆಬ್ರವರಿ 7ರಂದು ಸಿದ್ದರಾಮಯ್ಯ, ಮಂತ್ರಿಗಳು ಜಂತರ್ ಮಂತರ್‌ನಲ್ಲಿ ಕೂತಿದ್ದು ಇದಕ್ಕೇ. ಹಂಚಿಕೆ ಆಯೋಗದ್ದು, ನಮ್ಮದಲ್ಲ ಅಂತ ಕೇಂದ್ರದ ಉತ್ತರ. ಅದು ನಿಜ. ಆದರೆ ಒಂದು ಉದ್ದೇಶಕ್ಕೆ ಅಂತ ಹಾಕುವ ಸೆಸ್, ಸರ್‌ಚಾರ್ಜ್ ದುಡ್ಡನ್ನು ರಾಜ್ಯಗಳ ಜೊತೆ ಹಂಚಬೇಕಾಗಿಲ್ಲ ಅನ್ನುವುದೂ ನಿಜ. ಕೇಂದ್ರ ತನ್ನ ಕೊರತೆ ಇಳಿಸಿಕೊಳ್ಳಲು ಸೆಸ್ ಹಾಕಿದರೆ ರಾಜ್ಯದ ಕೊರತೆ ಇಳಿಯುವುದಿಲ್ಲ.

ಕೊರತೆ ಇಳಿಸೋಕೆ ಯೂರಿಯಾ ಬೆಲೆ ಏರಿಸ್ತಾರಾ?

ಧೈರ್ಯ ಯಾರಿಗೂ ಇಲ್ಲ. 45 ಕೆಜಿ ಚೀಲ 266 ರೂಪಾಯಿ 50 ಪೈಸೆ. ಅದನ್ನು ತಯಾರಿಸುವ, ಹೊರಗಿಂದ ತರಿಸುವ ಖರ್ಚು ಅದರ ಹಲವು ಪಟ್ಟು. ವ್ಯತ್ಯಾಸವೆಲ್ಲ ಸಬ್ಸಿಡಿ. ಗೊಬ್ಬರದ ಸಬ್ಸಿಡಿ 1.68 ಲಕ್ಷ ಕೋಟಿ, ಉಕ್ರೇನ್ ಯುದ್ಧದ 2022-23ರಲ್ಲಿ 2.5 ಲಕ್ಷ ಕೋಟಿ ದಾಟಿತ್ತು.

2010ರಲ್ಲಿ ಯುಪಿಎ ಸರ್ಕಾರ ಡಿಎಪಿ, ಪೊಟ್ಯಾಷ್‌ಗೆ ಸಬ್ಸಿಡಿ ಇಷ್ಟೇ ಅಂತ ಕಟ್ಟಿ ಬೆಲೆಯನ್ನು ಬಿಟ್ಟುಕೊಟ್ಟಿತು. ಯೂರಿಯಾವನ್ನು ಮಾತ್ರ ಆ ಪದ್ಧತಿಗೆ ತರಲಿಲ್ಲ. ಎನ್‌ಡಿಎ ಕೂಡ ತರಲಿಲ್ಲ. ಹಾಗಾಗಿ ಅಗ್ಗ ಅಂತ ಜೋಳಕ್ಕೆ, ಆಲೂಗಡ್ಡೆಗೆ ಯೂರಿಯಾವನ್ನೇ ಜಾಸ್ತಿ ಎರಚುತ್ತೇವೆ, ಮಣ್ಣು ಕೆಡುತ್ತದೆ. ಕೊರತೆ ಜಗಳದಲ್ಲಿ ಎರಡು ಪಕ್ಷಗಳೂ ಬಾಯಿ ಮುಚ್ಚಿ ಒಪ್ಪಿಕೊಂಡಿರುವ ಜಾಗ ಇದೂ ಒಂದು.

ಕಾಫಿ ತೋಟದವರು ತೆರಿಗೆ ಕಟ್ಟಲ್ಲ, ಅದರಿಂದಲೇ ಕೊರತೆ ಅಂತ ಪೇಟೆಯವರು ರೇಗಿಸ್ತಾರೆ.

ಹಣ್ಣು ಕೊಯ್ದು ಒಣಗಿಸಿ ಹಾಗೇ ಮಾರುವವರ ಆದಾಯ ಕೃಷಿ ಆದಾಯ, ಕೇಂದ್ರದ ತೆರಿಗೆ ಇಲ್ಲ. ತಾವೇ ಬೆಳೆದು ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವುದು) ಮಾಡಿ ಮಾರಿದರೆ ಶೇ 25ರಷ್ಟು ವ್ಯಾಪಾರದ ಆದಾಯ, ಅದಕ್ಕೆ ತೆರಿಗೆ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ದೊಡ್ಡ ಪ್ಲಾಂಟರ್‌ಗೆ ತೆರಿಗೆ ಬೇಕು ಅನ್ನುವ ಮಾತು ಆಗಾಗ ಏಳುತ್ತದೆ, ಚುನಾವಣೆ ಬಂದಾಗ ಮಲಗುತ್ತದೆ. ಕಾಫಿಗೆ ಒಳ್ಳೆ ರೇಟ್ ಬಂದ ವರ್ಷ ನನ್ನ ಟೇಬಲ್ ಮುಂದೆ ಈ ಪ್ರಶ್ನೆಯನ್ನು ಮೆತ್ತಗಿನ ದನಿಯಲ್ಲಿ ಕೇಳುತ್ತಾರೆ.

ಸಾಲ ಮಾಡಿದರೂ ಕೆಲಸ ಕಾಣಬೇಕಲ್ಲ? ನಮಗೇನು ಬಂತು?

ಹಾಸನ–ಬೆಂಗಳೂರು ರೈಲು ದಾರಿಗೆ ದೇವೇಗೌಡರ ಕಾಲದಲ್ಲಿ ಚಾಲನೆ ಸಿಕ್ಕಿತು. ಶ್ರವಣಬೆಳಗೊಳದ ಮೇಲೆ ರೈಲು ಓಡಿದ್ದು 2017ರಲ್ಲಿ. ಇಪ್ಪತ್ತು ವರ್ಷ. ಮಧ್ಯೆ ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋದವು. ರಾಜ್ಯದ ಎತ್ತಿನಹೊಳೆ ನೀರಿನ ಯೋಜನೆ ನೋಡಿ: 2012ರಲ್ಲಿ 8,323 ಕೋಟಿ ಅಂದಿದ್ದು 23,251 ಕೋಟಿಗೆ ಏರಿತು. ಸಾಲ ಮಾಡಿ ಕೆಲಸ ಮಾಡಬಾರದು ಅಂತ ನಾನು ಹೇಳುವುದಿಲ್ಲ. ಮನೆ ಕಟ್ಟೋಕೆ ಸಾಲ ಮಾಡದವರು ಯಾರು? ಆದರೆ ಗೋಡೆ ಏಳುವುದಕ್ಕೆ ಮೊದಲೇ ಬಡ್ಡಿ ಏಳುತ್ತಿದ್ದರೆ ಸಾಲ ಕೊಟ್ಟವನಿಗೆ ಮಾತ್ರ ಲಾಭ.

ವಿರೋಧ ಪಕ್ಷ ಬಜೆಟ್ ತಡೆಯಬಹುದಾ? ಅಮೆರಿಕದಲ್ಲಿ ಸರ್ಕಾರವೇ ಬಾಗಿಲು ಹಾಕಿತ್ತಲ್ಲ.

ಅಲ್ಲಿ ಅಧ್ಯಕ್ಷ ಬೇರೆ, ಸಂಸತ್ತು ಬೇರೆ. ಖರ್ಚಿಗೆ ಒಪ್ಪಿಗೆ ಸಿಗದಿದ್ದರೆ ಕಚೇರಿ ಮುಚ್ಚುತ್ತದೆ. 2025ರಲ್ಲಿ 43 ದಿನ ಹಾಗಾಯಿತು. ನಮ್ಮಲ್ಲಿ ಲೋಕಸಭೆಯಲ್ಲಿ ಬಜೆಟ್ ಸೋತರೆ ಸರ್ಕಾರವೇ ಹೋಗುತ್ತದೆ, ಕಚೇರಿ ಅಲ್ಲ. ರಾಜ್ಯಸಭೆಗೆ ಹಣಕಾಸು ಮಸೂದೆಯನ್ನು 14 ದಿನ ಇಟ್ಟುಕೊಳ್ಳುವ ಅಧಿಕಾರ ಅಷ್ಟೇ.

ವಿರೋಧ ಪಕ್ಷ ಕಡಿತದ ಗೊತ್ತುವಳಿ ತರಬಹುದು. ಇಲಾಖೆಯ ನೀತಿಯೇ ಬೇಡ ಅಂದರೆ ಅದರ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಅಂತ, ಸಣ್ಣ ದೂರಾದರೆ ನೂರು ರೂಪಾಯಿ ಕಡಿಯಿರಿ ಅಂತ. ಓದೋಕೆ ಮಜಾ, ಆದರೆ ಬಹುಮತದ ಸರ್ಕಾರದ ಮುಂದೆ ಯಾವುದೂ ಗೆಲ್ಲುವುದಿಲ್ಲ. ಸಮಯ ಮುಗಿದರೆ ಉಳಿದ ಇಲಾಖೆಗಳನ್ನೆಲ್ಲ ಚರ್ಚೆ ಇಲ್ಲದೆ ಒಟ್ಟಿಗೆ ಪಾಸು ಮಾಡುತ್ತಾರೆ, ಗಿಲೊಟಿನ್ ಅಂತ ಹೆಸರು. 2018ರ ಮಾರ್ಚ್‌ನಲ್ಲಿ ಲೋಕಸಭೆಯಲ್ಲಿ ಗದ್ದಲದ ನಡುವೆ ಇಡೀ ಬಜೆಟ್ ಹಾಗೇ ಹೋಯಿತು. ಗದ್ದಲ ಮಾಡಿದವರಿಗೂ ಮಾಡಿಸಿದವರಿಗೂ ಲೆಕ್ಕ ಕೇಳುವ ಆಸೆ ಇದ್ದಂತೆ ಕಾಣಲಿಲ್ಲ.

ನೀವು ಯಾವ ಪಕ್ಷ ಸಾರ್?

ಗಿರಾಕಿಗಳ ಪಕ್ಷ.

ನಾನೇ ನೋಡಬೇಕು ಅಂದರೆ ಎಲ್ಲಿ ನೋಡಲಿ?

ಬಜೆಟ್ ದಿನ ಕೇಂದ್ರದ ವೆಬ್‌ಸೈಟ್‌ನಲ್ಲಿ 'ಬಜೆಟ್ ಅಟ್ ಎ ಗ್ಲಾನ್ಸ್' ಅಂತ ಒಂದು ಪುಸ್ತಕ ಹಾಕುತ್ತಾರೆ. ಮೊದಲ ಪಟ್ಟಿ ಸಾಕು, ಒಂದೇ ಪುಟ. ಮೂರು ಸಾಲು ಹುಡುಕಿ: ಬಡ್ಡಿ, ರೆವಿನ್ಯೂ ಕೊರತೆ (ದಿನದ ಖರ್ಚಿನ ಕೊರತೆ ಅಂದೆನಲ್ಲ, ಅದೇ), ವಿತ್ತೀಯ ಕೊರತೆ. ಎರಡನೆಯದನ್ನು ಮೂರನೆಯದರಿಂದ ಭಾಗಿಸಿ. 2025-26ರಲ್ಲಿ 5.24 ಭಾಗಿಸು 15.69, ಅಂದರೆ ಮೂರರಲ್ಲಿ ಒಂದು ಪಾಲು ಸಾಲ ದಿನದ ಖರ್ಚಿಗೇ ಹೋಗಿದೆ. ಹಿಂದಿನ ವರ್ಷಗಳದ್ದನ್ನೂ ಹೀಗೇ ಮಾಡಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ, ಆಗ ಯಾವ ಸರ್ಕಾರ ಇತ್ತು ಅಂತಲೂ ಬರೆಯಿರಿ. ಫೆಬ್ರವರಿ 1ಕ್ಕೆ ರೋಬಸ್ಟಾ ಕೊಯ್ಲು ಜೋರಾಗಿರುತ್ತದೆ, ಕಣದಲ್ಲಿ ಹಣ್ಣು ಹರಡಿರುತ್ತದೆ, ಭಾಷಣ ನೋಡೋಕೆ ಪುರುಸೊತ್ತು ಇರಲ್ಲ ಅಂತ ಗೊತ್ತು. ರಾತ್ರಿ ಕಣದ ಮೇಲೆ ಟಾರ್ಪಾಲ್ ಎಳೆದ ಮೇಲೆ ನೋಡಿ. ಅರ್ಥ ಆಗದಿದ್ದರೆ ಪ್ರಿಂಟ್ ತೆಗೆದು ನನ್ನ ಹತ್ತಿರ ತನ್ನಿ, ಕುರ್ಚಿ ಇದೆ.